ಜರುಗದಂತೆ ಸುತ್ತುವುದು: ಅತಿವಾಹಕ ಅಯಸ್ಕಾಂತದ ಮಾದರಿ ಸುರುಳಿ

ಬೆಳಗಾವಿಯ ಉದ್ಯಮಬಾಗದಲ್ಲಿ ಸುಟ್ಟ ಮೋಟಾರುಗಳಿಗೆ ಮರು ವೈಂಡಿಂಗ್ ಮಾಡುವವರಿಗೆ ತಂತಿ ಸಡಿಲವಾದರೆ ಏನಾಗುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಆದರೆ ಮೋಟಾರಿನಲ್ಲಿ ಇನ್ಸುಲೇಷನ್ ಸವೆಯಲು ತಿಂಗಳುಗಳು ಹಿಡಿಯುತ್ತವೆ. ಕಣ ವೇಗವರ್ಧಕದ ಅಯಸ್ಕಾಂತದಲ್ಲಿ ತಂತಿ ಕೆಲವೇ ಮೈಕ್ರೋಮೀಟರ್ ಜರುಗಿದರೂ ಆ ಕ್ಷಣವೇ ಕೆಲಸ ಕೆಡಬಹುದು. ದ್ರವ ಹೀಲಿಯಂನ ತಣುಪಾದ 4.2 ಕೆಲ್ವಿನ್‌ನಲ್ಲಿ (ಸುಮಾರು −269 ಡಿಗ್ರಿ ಸೆಲ್ಸಿಯಸ್) ತಂತಿಯೊಳಗಿನ ತಾಮ್ರವು ಶಾಖವನ್ನು ಹೀರಿಕೊಳ್ಳುವ ಸಾಮರ್ಥ್ಯ ಸಾವಿರಾರು ಪಟ್ಟು ಕುಸಿದಿರುವುದರಿಂದ, ಅಷ್ಟು ಘರ್ಷಣೆಯ ಬಿಸಿಗೇ ತಂತಿ ಅತಿವಾಹಕತೆಯನ್ನು, ಅಂದರೆ ತಡೆಯಿಲ್ಲದೆ ಕರೆಂಟ್ ಹರಿಸುವ ಗುಣವನ್ನು, ಕಳೆದುಕೊಳ್ಳುತ್ತದೆ. ಇದಕ್ಕೆ ಕ್ವೆಂಚ್ ಎನ್ನುತ್ತಾರೆ. ಪ್ರಾಜೆಕ್ಟಿಗೆಂದು ಸಣ್ಣ ಸೊಲೆನಾಯ್ಡ್ (ಕೊಳವೆಯಾಕಾರದ ತಂತಿಯ ಸುರುಳಿ) ಸುತ್ತಲು ಹೊರಟ ಇಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲ ದಿನದಿಂದಲೇ ಇದನ್ನು ನೆನಪಿಟ್ಟುಕೊಳ್ಳಬೇಕು.

ತಂತಿ ತಾಮ್ರದೊಳಗೆ ಕೂಡಿಸಿದ ನಯೋಬಿಯಂ-ಟೈಟಾನಿಯಂ ಮಿಶ್ರಲೋಹದ್ದಿರಲಿ. ತಯಾರಕರು ಕೊಡುವ ನಕ್ಷೆಯಲ್ಲಿ ಯಾವ ಕಾಂತಕ್ಷೇತ್ರದಲ್ಲಿ ತಂತಿ ಹೆಚ್ಚೆಂದರೆ ಎಷ್ಟು ಕರೆಂಟ್ ತಾಳುತ್ತದೆ ಎಂಬ ರೇಖೆಯಿರುತ್ತದೆ; ಅದರ ಮೇಲೆ, ಕರೆಂಟ್ ಏರಿದಂತೆ ನಿಮ್ಮ ಸುರುಳಿಯ ಕ್ಷೇತ್ರ ಏರುವ ರೇಖೆಯನ್ನು ಎಳೆದು, ಎರಡೂ ಕೂಡುವ ಬಿಂದುವಿನ 80 ಶೇಕಡಾದೊಳಗೇ ನಿಲ್ಲಿರಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಸುರುಳಿಯ ನಡುವಿನ ಕ್ಷೇತ್ರವನ್ನಲ್ಲ, ತಂತಿಯ ಮೇಲೆ ಬೀಳುವ ಗರಿಷ್ಠ ಕ್ಷೇತ್ರವನ್ನು. ಜಿನೀವಾ ಬಳಿಯ ಕಣ ವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಕಣಗಳ ದಾರಿಯನ್ನು ಬಾಗಿಸುವ 1,232 ದ್ವಿಧ್ರುವ ಅಯಸ್ಕಾಂತಗಳ ವಿನ್ಯಾಸ 1.9 ಕೆಲ್ವಿನ್‌ನಲ್ಲಿ 8.33 ಟೆಸ್ಲಾದವರೆಗೆ, ಮಿತಿಯ ಸುಮಾರು 86 ಶೇಕಡಾವರೆಗೆ ಹೋಗುತ್ತದೆ. ಹೊಸಬರು ಆ ಧೈರ್ಯ ಮಾಡಬಾರದು.

ಇನ್ನು ಸುತ್ತುವ ಕೆಲಸ. 5 ಟೆಸ್ಲಾ ಕ್ಷೇತ್ರವು ಸುರುಳಿಯನ್ನು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ಕಿಲೋ ಭಾರದಷ್ಟು ಒತ್ತಡದಿಂದ ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನ ಬಾಬಿನ್ನಿನ (ತಂತಿ ಸುತ್ತುವ ಉರುಳೆಯ) ಅಂಚುಗಳನ್ನು ಉರುಟು ಮಾಡಿಕೊಂಡು, ಒಂದೇ ಬಿಗಿತದಲ್ಲಿ ಪದರದ ಮೇಲೆ ಪದರ ಸುತ್ತಿ, ಪದರಗಳ ಕೊನೆಯಲ್ಲಿ ಉಳಿಯುವ ಸಂದುಗಳಿಗೆ ಗ್ಲಾಸ್-ಎಪಾಕ್ಸಿ ತುಣುಕುಗಳನ್ನು ತುಂಬಿರಿ. ತಂತಿಗಳನ್ನು ಹಿಡಿದಿಡಲು ನಿರ್ವಾತದಲ್ಲಿ ಎಪಾಕ್ಸಿ ಅಂಟು ಇಳಿಸುವಾಗ ಅದು ಎಲ್ಲಿಯೂ ದಪ್ಪವಾಗಿ ನಿಲ್ಲಬಾರದು. ತಣಿದಾಗ ಅದು ಸ್ಟೀಲಿಗಿಂತ ಮೂರು ಪಟ್ಟಿಗೂ ಹೆಚ್ಚು ಕುಗ್ಗಿ ಬಿರುಕು ಬಿಡುತ್ತದೆ, ಬಿರುಕಿನಿಂದಲೂ ಕ್ವೆಂಚ್ ಆಗುತ್ತದೆ. ಹೊರಗಡೆ ಅಲ್ಯೂಮಿನಿಯಂ ಬಳೆ ತೊಡಿಸಿರಿ. ಒಂದು ಮೀಟರ್ ಸ್ಟೀಲ್ ಸುಮಾರು 3 ಮಿಲಿಮೀಟರ್ ಕುಗ್ಗಿದರೆ ಅಲ್ಯೂಮಿನಿಯಂ 4ಕ್ಕೂ ಹೆಚ್ಚು ಕುಗ್ಗುವುದರಿಂದ, ತಣಿದಷ್ಟೂ ಬಳೆ ಸುರುಳಿಯನ್ನು ಅಮುಕಿ ಹಿಡಿಯುತ್ತದೆ.

ದುಬಾರಿ ತಂತಿಗೆ ಕೈ ಹಾಕುವ ಮೊದಲು ತಾಮ್ರದ ತಂತಿಯಲ್ಲೇ ಒಂದು ಸುರುಳಿ ಮಾಡಿ, ಬಯಲಿನಲ್ಲಿ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿ ನೋಡಿರಿ. ಹಸುಗಳ ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳನ್ನು ಇಡುವ ಕ್ಯಾನಿನಲ್ಲಿರುವುದು ಇದೇ ದ್ರವ. ಕುಗ್ಗುವಿಕೆಯ ಬಹುಪಾಲು ಈ ದ್ರವದ 77 ಕೆಲ್ವಿನ್‌ಗೇ ಮುಗಿದಿರುತ್ತದೆ. ನಂತರ ಸುರುಳಿಯನ್ನು ಗರಗಸದಿಂದ ಕೊಯ್ದು, ಕೊಯ್ದ ಮುಖವನ್ನು ಉಜ್ಜಿ, ಭೂತಗನ್ನಡಿಯಲ್ಲಿ ಬಿರುಕು ಹುಡುಕಿರಿ.

ಇಷ್ಟಾದರೂ ಕ್ವೆಂಚ್ ಬಂದೇ ಬರುತ್ತದೆಂದು ತಿಳಿದು ರಕ್ಷಣೆಯನ್ನು ಯೋಜಿಸಬೇಕು. 2 ಹೆನ್ರಿಯ ಸುರುಳಿಯಲ್ಲಿ 100 ಆಂಪಿಯರ್ ಹರಿಯುವಾಗ 10,000 ಜೂಲ್ ಶಕ್ತಿ ಕೂಡಿರುತ್ತದೆ. ಆ ಕರೆಂಟನ್ನು ಹೊರಗಿನ 5 ಓಮ್ ರೆಸಿಸ್ಟರಿಗೆ ತಿರುಗಿಸಿದರೆ 0.4 ಸೆಕೆಂಡಿನಲ್ಲಿ ಕರೆಂಟ್ ಮೂರನೇ ಒಂದು ಭಾಗದ ಸಮೀಪಕ್ಕೆ ಇಳಿಯುತ್ತದೆ, ಆದರೆ ತುದಿಗಳಲ್ಲಿ 500 ವೋಲ್ಟ್ ಏಳುವುದರಿಂದ ಇನ್ಸುಲೇಷನ್ ಅದನ್ನು ತಾಳಬೇಕು. ಬೆಸುಗೆಗಳ ವಿದ್ಯುತ್ ತಡೆಯನ್ನೂ ಅಳೆಯಿರಿ, 2008ರ ಸೆಪ್ಟೆಂಬರ್ 19ರಂದು ಎಲ್‌ಎಚ್‌ಸಿಯಲ್ಲಿ ಟನ್‌ಗಟ್ಟಲೆ ಹೀಲಿಯಂ ಸೋರಿದ್ದು ಒಂದೇ ಒಂದು ಕೆಟ್ಟ ಜೋಡಣೆಯಿಂದ. ಸುರುಳಿಯ ಎರಡು ಅರ್ಧಗಳ ವೋಲ್ಟೇಜ್ ಹೋಲಿಸಿ ಕ್ವೆಂಚನ್ನು ಪತ್ತೆ ಹಚ್ಚುವ ತಂತಿಗಳನ್ನು ಎಪಾಕ್ಸಿ ಇಳಿಸುವ ಮೊದಲೇ, ಪ್ರತಿ ಜಾಗಕ್ಕೂ ಎರಡೆರಡರಂತೆ ಬೆಸೆದಿಡಿರಿ; ಅದು ಗಟ್ಟಿಯಾದ ಮೇಲೆ ಒಳಗೆ ಕೈ ಹಾಕಲು ದಾರಿಯಿರುವುದಿಲ್ಲ.