ಬೇಟೆಯ ಬಾಣ ಎಷ್ಟು ತೂಗಬೇಕು? ಹೊಸಬರಿಗೊಂದು ಲೆಕ್ಕ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬಿಲ್ಲಿನಿಂದ ಜಿಂಕೆ ಬೇಟೆಯಾಡುವ ಋತು ಅಕ್ಟೋಬರ್ 1ರಂದು ಆರಂಭವಾಗುತ್ತದೆ. ಬೇಸಿಗೆಯ ಕೊನೆಯಲ್ಲಿಯೇ ಅಲ್ಲಿನ ಬಿಲ್ಲಿನ ಅಂಗಡಿಗಳಿಗೆ ಹೊಸಬರು ಬರತೊಡಗುತ್ತಾರೆ, ಬಂದವರಲ್ಲಿ ಹೆಚ್ಚಿನವರು ಬಿಲ್ಲನ್ನು ಕೈಗೆತ್ತಿಕೊಳ್ಳುವ ಮೊದಲೇ ಅದರ ವೇಗ ಎಷ್ಟೆಂದು ಕೇಳುತ್ತಾರೆ. ಬಾಣದ ತೂಕವನ್ನು ಮೊದಲು ನಿಶ್ಚಯಿಸಿ, ಆ ತೂಕಕ್ಕೆ ಎಷ್ಟು ವೇಗ ಸಿಗುತ್ತದೆಯೋ ಅಷ್ಟನ್ನು ಒಪ್ಪಿಕೊಳ್ಳುವುದೇ ಸರಿಯಾದ ಕ್ರಮ ಎಂಬುದು ಈ ಲೇಖನದ ವಾದ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧವಾದ್ದರಿಂದ, ಇಲ್ಲಿ ಹೇಳುವುದೆಲ್ಲ ಅಮೆರಿಕದಲ್ಲಿ ನೆಲೆಸಿ, ಬೇಟೆಗಾರರ ತರಬೇತಿ ಮುಗಿಸಿ, ಪರವಾನಗಿ ಪಡೆದು ಈ ಹವ್ಯಾಸಕ್ಕೆ ಇಳಿಯುತ್ತಿರುವ ಕನ್ನಡಿಗರಿಗೆ ಮಾತ್ರ ಅನ್ವಯಿಸುತ್ತದೆ.

ಮೊದಲು ನಿಮ್ಮ ಎಳೆತದ ಭಾರ

ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಗರಿಷ್ಠ ಬಲವನ್ನು ಪೌಂಡಿನಲ್ಲಿ ಅಳೆಯುತ್ತಾರೆ. ತೋಳುಗಳ ತುದಿಯಲ್ಲಿ ಕ್ಯಾಮ್ ಎಂಬ ಚಕ್ರಗಳಿರುವ ಕಾಂಪೌಂಡ್ ಬಿಲ್ಲಿನಲ್ಲಿ ಹೆದೆ ಕೊನೆಗೆ ಬರುವ ಹೊತ್ತಿಗೆ ಆ ಚಕ್ರಗಳು ಭಾರದ ಬಹುಪಾಲನ್ನು ಹೊತ್ತುಕೊಳ್ಳುವುದರಿಂದ, ಅಂಗಡಿಯಲ್ಲಿ ನಿಂತು ಎಳೆದಾಗ 70 ಪೌಂಡ್ ಕೂಡ ಸುಲಭವೆಂದು ತೋರಬಹುದು. ಅದನ್ನು ನಂಬಬೇಡಿ. ಒಂದು ಕುರ್ಚಿಯ ಮೇಲೆ ಕುಳಿತು, ಬಿಲ್ಲನ್ನು ಗುರಿಯ ಮಟ್ಟದಲ್ಲಿಯೇ ಹಿಡಿದು, ಆಕಾಶದ ಕಡೆಗೆ ಎತ್ತದೆ ನಿಧಾನವಾಗಿ ಎಳೆಯಿರಿ. ಬಿಲ್ಲು ಅಲ್ಲಾಡಿದರೆ ಅಥವಾ ಭುಜ ಮೇಲೇರಿದರೆ ಭಾರ ಇಳಿಸಿ. ಮರದ ಮೇಲಿನ ಆಸನದಲ್ಲಿ ಮೂರು ಗಂಟೆ ಚಳಿಯಲ್ಲಿ ಕುಳಿತ ಮೇಲೆ ಮೈ ಮರಗಟ್ಟಿರುತ್ತದೆ, ಆಗ ಎಳೆಯಬೇಕಾಗುವುದು ಇದೇ ಭಾರವನ್ನು. ಬಹುಪಾಲು ಹೊಸಬರಿಗೆ 50ರಿಂದ 60 ಪೌಂಡ್ ಧಾರಾಳವಾಗಿ ಸಾಕು.

ಪ್ರಚಾರದ ವೇಗದಿಂದ ಕಳೆಯುತ್ತ ಬನ್ನಿ

ಬಿಲ್ಲಿನ ಪ್ರಚಾರ ಪತ್ರದಲ್ಲಿ ಸೆಕೆಂಡಿಗೆ 330 ಅಡಿ ಎಂದು ಬರೆದಿರುತ್ತದೆ. ಆ ಅಂಕಿಯನ್ನು ಪಡೆಯುವುದು 70 ಪೌಂಡ್ ಭಾರ, 30 ಇಂಚು ಎಳೆತ (ಹೆದೆಯನ್ನು ಹಿಂದಕ್ಕೆ ಎಳೆಯುವ ಉದ್ದ) ಮತ್ತು 350 ಗ್ರೇನ್ ತೂಕದ ಬಾಣ ಎಂಬ ಗೊತ್ತುಪಡಿಸಿದ ಅಳತೆಯಲ್ಲಿ. ಬಾಣದ ತೂಕಕ್ಕೆ ಬಳಸುವ ಈ ಗ್ರೇನ್ ಬಹಳ ಚಿಕ್ಕ ಮಾನ: ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ ಗ್ರೇನ್, ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ.

ನಿಮ್ಮ ಎಳೆತ 28 ಇಂಚು, ಭಾರ 60 ಪೌಂಡ್ ಎಂದಿಟ್ಟುಕೊಳ್ಳಿ. ಎಳೆತದ ಪ್ರತಿ ಇಂಚಿಗೆ ಸುಮಾರು 10 ಅಡಿ, ಪ್ರತಿ ಪೌಂಡಿಗೆ ಸುಮಾರು 2 ಅಡಿ ವೇಗ ಕಡಿಮೆಯಾಗುತ್ತದೆ. ಹಾಗಾಗಿ 330ರಿಂದ 40 ಕಳೆದು 290 ಉಳಿಯಿತು. ಬಾಣದ ತೂಕ 3 ಗ್ರೇನ್ ಏರಿದರೆ ಸುಮಾರು 1 ಅಡಿ ಹೋಗುತ್ತದೆ. 430 ಗ್ರೇನ್ ಬಾಣ ಹೂಡಿದರೆ ಇನ್ನೂ 27 ಅಡಿ ಹೋಯಿತು. ಹೆದೆಗೆ ಕಟ್ಟುವ ಗುರಿ ನೋಡುವ ಬಳೆ, ಕುಣಿಕೆ ಇವುಗಳ ಭಾರಕ್ಕೆ ಮತ್ತೈದು. ಕೊನೆಗೆ ಕೈಗೆ ಸಿಗುವುದು 258. ಇದು ಅಂದಾಜಿನ ಲೆಕ್ಕ. ನಿಖರವಾಗಿ ತಿಳಿಯಬೇಕಾದರೆ ಅಂಗಡಿಯ ಕ್ರೋನೋಗ್ರಾಫ್ ಎಂಬ ವೇಗಮಾಪಕದ ಮುಂದೆ ಮೂರು ಬಾಣ ಬಿಟ್ಟು ಸರಾಸರಿ ತೆಗೆಯಬೇಕು.

ಅದೇ ಬಿಲ್ಲಿನಲ್ಲಿ 300 ಗ್ರೇನ್‌ನ ಹಗುರ ಬಾಣ ಹೂಡಿದರೆ ಸುಮಾರು 305 ಅಡಿ ವೇಗ ಸಿಗುತ್ತದೆ. ಇದಕ್ಕಿಂತ ಹಗುರ ಬಾಣವನ್ನು ಆ ಬಿಲ್ಲಿಗೆ ಹೂಡಲೇಬಾರದು. ಎಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ತೂಕವಿರಬೇಕೆಂಬುದು ಸಾಮಾನ್ಯ ನಿಯಮ. ಅದಕ್ಕಿಂತ ಕಡಿಮೆಯಾದರೆ ಬಾಣವೇ ಇಲ್ಲದೆ ಹೆದೆ ಬಿಟ್ಟಂತಾಗಿ ಬಿಲ್ಲಿನ ತೋಳುಗಳು ಸೀಳಬಹುದು. ಐಡಹೊ, ಅಲಾಸ್ಕ ರಾಜ್ಯಗಳಲ್ಲಂತೂ ದೊಡ್ಡ ಪ್ರಾಣಿಗಳ ಬೇಟೆಗೆ ಅಲಗೂ ಸೇರಿ ಬಾಣ 300 ಗ್ರೇನ್ ಇರಲೇಬೇಕೆಂಬ ಕಾನೂನೇ ಇದೆ. ನಿಮ್ಮ ರಾಜ್ಯದ ಆ ವರ್ಷದ ನಿಯಮ ಪುಸ್ತಿಕೆಯನ್ನು ಬಾಣ ಕೊಳ್ಳುವ ಮೊದಲೇ ಓದಿಕೊಳ್ಳಿ.

ವೇಗ ಕಳೆದುಕೊಂಡು ಪಡೆದದ್ದೇನು?

ಬಾಣದ ಚಲನಶಕ್ತಿಯನ್ನು ಅಡಿ-ಪೌಂಡಿನಲ್ಲಿ ತಿಳಿಯಲು, ಗ್ರೇನ್ ತೂಕವನ್ನು ವೇಗದ ವರ್ಗದಿಂದ ಗುಣಿಸಿ 4,50,240ರಿಂದ ಭಾಗಿಸಬೇಕು. ಹಗುರ ಬಾಣಕ್ಕೆ ಸುಮಾರು 62, ಭಾರದ ಬಾಣಕ್ಕೆ ಸುಮಾರು ಅರವತ್ತಮೂರೂವರೆ ಬರುತ್ತದೆ. ಬಿಳಿಬಾಲದ ಜಿಂಕೆಗೆ ಇವೆರಡೂ ಬೇಕಾದ್ದಕ್ಕಿಂತ ಹೆಚ್ಚೇ. ಶಕ್ತಿ ಹೆಚ್ಚುಕಡಿಮೆ ಒಂದೇ ಆದರೆ ವ್ಯತ್ಯಾಸವೆಲ್ಲಿ? ಸಂವೇಗದಲ್ಲಿ. ತೂಕವನ್ನು ವೇಗದಿಂದ ಗುಣಿಸಿ ನೋಡಿದರೆ ಭಾರದ ಬಾಣದ ಸಂವೇಗ ಸುಮಾರು ಶೇ 21ರಷ್ಟು ಹೆಚ್ಚು. ಚರ್ಮ, ಪಕ್ಕೆಲುಬು, ಮಾಂಸ ಒಡ್ಡುವ ತಡೆಯನ್ನು ದಾಟಿ ಮುಂದುವರಿಯುವ ಗುಣ ಇದರಿಂದ ಬರುತ್ತದೆ. ಇನ್ನೊಂದು ಲಾಭವೂ ಇದೆ. ಬಾಣ ಹೊತ್ತೊಯ್ಯದೆ ಬಿಟ್ಟ ಶಕ್ತಿ ಬಿಲ್ಲಿನಲ್ಲಿಯೇ ಉಳಿದು ಕಂಪನವಾಗಿ, ಸದ್ದಾಗಿ ಹೊರಬರುತ್ತದೆ. ಭಾರದ ಬಾಣ ಹೆಚ್ಚು ಶಕ್ತಿಯನ್ನು ಒಯ್ಯುವುದರಿಂದ ಬಿಲ್ಲು ಮೆತ್ತಗೆ ನುಡಿಯುತ್ತದೆ.

ಈ ಸದ್ದಿನ ಮಾತನ್ನು ಹೊಸಬರು ಗಂಭೀರವಾಗಿ ತೆಗೆದುಕೊಳ್ಳಬೇಕು. ಹೆದೆಯ ಸದ್ದಿಗೆ ಬೆದರಿದ ಜಿಂಕೆ ಓಡಲು ಕಾಲು ಮಡಿಸಿ ತಟ್ಟನೆ ಕುಗ್ಗುತ್ತದೆ, ಬಾಣ ಅದರ ಬೆನ್ನ ಮೇಲಿಂದ ಹೋಗುತ್ತದೆ ಅಥವಾ, ಅದಕ್ಕಿಂತ ಕೆಟ್ಟದಾಗಿ, ತಪ್ಪು ಜಾಗಕ್ಕೆ ತಾಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಸಾಗುತ್ತದೆ; 30 ಗಜ ದೂರದ ಜಿಂಕೆಯ ಕಿವಿಗೆ ಅದು 0.08 ಸೆಕೆಂಡಿನಲ್ಲಿ ಮುಟ್ಟಿದರೆ, ಹಗುರ ಬಾಣ 0.30 ಸೆಕೆಂಡಿಗೆ, ಭಾರದ ಬಾಣ 0.35 ಸೆಕೆಂಡಿಗೆ ಮುಟ್ಟುತ್ತದೆ. ಯಾವ ಬಾಣವೂ ಸದ್ದನ್ನು ಹಿಂದಿಕ್ಕಲಾರದು. ಆದ್ದರಿಂದ ಆ 0.05 ಸೆಕೆಂಡಿಗಾಗಿ ಸದ್ದು ಮಾಡುವ ಬಿಲ್ಲನ್ನು ಆರಿಸಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಹತ್ತಿರದಲ್ಲಿ ನಿಶ್ಚಿಂತೆಯಿಂದ ಮೇಯುತ್ತಿರುವ ಜಿಂಕೆಗಷ್ಟೇ ಬಾಣ ಬಿಡುವುದು ಹೆಚ್ಚು ಫಲ ಕೊಡುತ್ತದೆ.

ನನ್ನ ಮೊದಲ ಋತುವಿನಲ್ಲಿ ನಾನೂ ವೇಗಕ್ಕೆ ಮನಸೋತು 310 ಗ್ರೇನ್ ಬಾಣ ಒಯ್ದಿದ್ದೆ. ಜಿಂಕೆ ಕುಗ್ಗಿತು, ಬಾಣ ಭುಜದ ಮೂಳೆಗೆ ತಾಗಿತು. ಮುರಿದ ಕೋಲು ಮೇಪಲ್ ಎಲೆಗಳ ನಡುವೆ ಸಿಕ್ಕಿದಾಗ ಅದರ ಮೇಲೆ ಅಲಗಿನ ಹಿಂದೆ ನಾಲ್ಕು ಬೆರಳಷ್ಟೇ ರಕ್ತ ಹತ್ತಿತ್ತು. ಕತ್ತಲಾದ ಮೇಲೂ ದೀಪ ಹಿಡಿದು ಹುಡುಕಿದೆ, ಮರುದಿನವೂ ಹುಡುಕಿದೆ, ಜಿಂಕೆ ಸಿಗಲಿಲ್ಲ. ಭಾರದ ಬಾಣ ಆ ಮೂಳೆಯನ್ನು ಒಡೆಯುತ್ತಿತ್ತೆಂದು ಆಣೆ ಇಟ್ಟು ಹೇಳಲಾರೆ, ಆದರೆ ಅಂದಿನಿಂದ 420ಕ್ಕಿಂತ ಕಡಿಮೆ ತೂಕದ ಬಾಣವನ್ನು ಬತ್ತಳಿಕೆಗೆ ಸೇರಿಸಿಲ್ಲ.

ಬಾಣವನ್ನು ಕೂಡಿಸುವುದು

ಬಾಣದ ಕೋಲಿನ ಮೇಲೆ ಒಂದು ಇಂಚಿಗೆ ಎಷ್ಟು ಗ್ರೇನ್ ಎಂದು ನಮೂದಿಸಿರುತ್ತಾರೆ. ಇಂಚಿಗೆ 9 ಗ್ರೇನ್ ತೂಗುವ 28 ಇಂಚಿನ ಇಂಗಾಲದ ಕೋಲು 252 ಗ್ರೇನ್ ಆಯಿತು. ಮುಂದಿನ ತುದಿಯೊಳಗೆ ಕೂರುವ ಇನ್ಸರ್ಟ್ 25, ಹಿಂದೆ ಹೆದೆಗೆ ಸಿಕ್ಕಿಸುವ ನಾಕ್ 10, ಮೂರು ಗರಿಗಳು ಸೇರಿ 18, ಅಲಗು 125. ಒಟ್ಟು 430. ಕೂಡಿಸಿದ ಮೇಲೆ ಪ್ರತಿಯೊಂದು ಬಾಣವನ್ನೂ ಗ್ರೇನ್ ತೋರಿಸುವ ತಕ್ಕಡಿಯಲ್ಲಿಟ್ಟು ತೂಗಿ, ಒಂದಕ್ಕೊಂದು ಹೆಚ್ಚು ವ್ಯತ್ಯಾಸವಿರುವವನ್ನು ಅಭ್ಯಾಸಕ್ಕೆ ಎತ್ತಿಡಿ. ಎಳೆತದ ಪ್ರತಿ ಪೌಂಡಿಗೆ 7ರ ಆಸುಪಾಸಿನ ಗ್ರೇನ್ ಬರುವ ಇಂಥ ಬಾಣ ಜಿಂಕೆಗೆ ಹೇಳಿಮಾಡಿಸಿದ್ದು. 650 ಗ್ರೇನ್ ದಾಟಿದ ಬಾಣಗಳನ್ನು ಹೊಗಳುವವರಿದ್ದಾರೆ; ದಪ್ಪ ಮೂಳೆಯ ದೊಡ್ಡ ಪ್ರಾಣಿಗಳ ಬೇಟೆಯಲ್ಲಿ ಅದಕ್ಕೆ ಅರ್ಥವಿದೆ, ಜಿಂಕೆಗೆ ಅಷ್ಟು ಬೇಡ.

ಮುಂಭಾಗದ ಭಾರವನ್ನೂ ಪರೀಕ್ಷಿಸಬೇಕು. ಬಾಣವನ್ನು ಬೆರಳ ಮೇಲೆ ತೂಗಾಡಿಸಿ ಸಮತೋಲನದ ಬಿಂದುವನ್ನು ಗುರುತು ಮಾಡಿ, ನಾಕ್‌ನ ಸೀಳಿನಿಂದ ಅಲ್ಲಿಯವರೆಗಿನ ಉದ್ದ ಅಳೆಯಿರಿ. 28 ಇಂಚಿನ ಬಾಣದಲ್ಲಿ ಅದು ಹದಿನೆಂಟೂಕಾಲು ಇಂಚಿಗೆ ಬಂದರೆ, ನಡುಬಿಂದುವಾದ 14ರಿಂದ ನಾಲ್ಕೂಕಾಲು ಇಂಚು ಮುಂದಿದೆ, ಅಂದರೆ ಶೇ 15. ಶೇ 10ರಿಂದ 15ರವರೆಗೆ ಬೇಟೆಯ ಬಾಣ ನೆಟ್ಟಗೆ ಹಾರುತ್ತದೆ.

ಕೋಲಿನ ಬಿಗಿತಕ್ಕೆ ಸ್ಪೈನ್ ಎನ್ನುತ್ತಾರೆ. ಅಂಕಿ ಕಡಿಮೆಯಾದಷ್ಟೂ ಕೋಲು ಬಿಗಿ. ಮುಂದೆ ಅಲಗಿನ ತೂಕ ಏರಿಸಿದಂತೆಲ್ಲ ಕೋಲು ಹೆಚ್ಚು ಬಾಗುವುದರಿಂದ, 100 ಗ್ರೇನ್ ಅಲಗಿಗೆ ಸರಿಹೋಗಿದ್ದ ಕೋಲು 125ಕ್ಕೆ ಮೆದುವಾಗಬಹುದು. ತಯಾರಕರ ಪಟ್ಟಿಯಲ್ಲಿ ನಿಮ್ಮ ಭಾರ, ಉದ್ದ, ಅಲಗಿನ ತೂಕ ಮೂರನ್ನೂ ಸೇರಿಸಿ ನೋಡಿಯೇ ಕೊಳ್ಳಿ. ಆಮೇಲೆ ಒಂದು ಚೌಕಟ್ಟಿಗೆ ಹಳೆಯ ಪತ್ರಿಕೆಯ ಹಾಳೆಯನ್ನು ಬಿಗಿಯಾಗಿ ಅಂಟಿಸಿ, ಏಳೆಂಟು ಅಡಿ ದೂರದಿಂದ ಅದರ ಮೂಲಕ ಬಾಣ ಬಿಡಿ; ಹಿಂದೆ ಬಾಣವನ್ನು ತಡೆಯುವ ಗುರಿಹಲಗೆ ಇರಲಿ. ಮೊನೆಯ ದುಂಡನೆಯ ತೂತಿನ ಸುತ್ತ ಮೂರು ಗರಿಗಳ ಸೀಳು ಸಮನಾಗಿ ಮೂಡಿದ್ದರೆ ಬಾಣ ನೆಟ್ಟಗೆ ಹೊರಟಿದೆ. ಕಾಗದ ಒಂದು ಪಕ್ಕಕ್ಕೆ ಉದ್ದವಾಗಿ ಹರಿದಿದ್ದರೆ ಬಾಣ ಬಾಲ ಬೀಸುತ್ತ ಹೋಗಿದೆಯೆಂದು ತಿಳಿದು ಅಂಗಡಿಯವರಿಂದ ಬಿಲ್ಲನ್ನು ಸರಿಪಡಿಸಿಕೊಳ್ಳಿ. ಬಾಲ ಬೀಸುವ ಬಾಣ ತಾಗಿದಾಗ ಅದರ ಶಕ್ತಿಯೆಲ್ಲ ಪಕ್ಕಕ್ಕೆ ವ್ಯಯವಾಗುತ್ತದೆ, ತೂಕದ ಲೆಕ್ಕವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಕಾಡಿಗೆ ಹೋಗುವ ಮುನ್ನ

ವೇಗದ ಬಾಣಕ್ಕೆ ಒಂದು ನಿಜವಾದ ಅನುಕೂಲವಿದೆಯೆಂದು ಒಪ್ಪಬೇಕು. 20 ಗಜಕ್ಕೆ ಹೊಂದಿಸಿದ ಗುರಿಸೂಜಿಯನ್ನು ತಪ್ಪಿ 30 ಗಜದ ಜಿಂಕೆಗೆ ಬಳಸಿದರೆ, ಭಾರದ ಬಾಣ ಹಗುರ ಬಾಣಕ್ಕಿಂತ ಸುಮಾರು ಎರಡು ಇಂಚು ಹೆಚ್ಚು ಕೆಳಗೆ ತಾಗುತ್ತದೆ. ಇದಕ್ಕೆ ಪರಿಹಾರ ದೂರಮಾಪಕ. ಆಸನದಲ್ಲಿ ಕುಳಿತ ಕೂಡಲೇ ಸುತ್ತಲಿನ ನಾಲ್ಕೈದು ಮರಗಳ ದೂರವನ್ನು ಅಳೆದು ನೆನಪಿಟ್ಟುಕೊಳ್ಳಿ, ಜಿಂಕೆ ಬಂದಾಗ ಕೈ ಆಡಿಸುವ ಕೆಲಸ ಉಳಿಯುವುದಿಲ್ಲ. ಋತುವಿಗೆ ಎರಡು ವಾರ ಮುಂಚಿನಿಂದ ಅಭ್ಯಾಸದ ಮೊನೆಯನ್ನು ಬಿಟ್ಟು, ಬೇಟೆಗೆ ಬಳಸುವ ಅಲಗನ್ನೇ ಸಿಕ್ಕಿಸಿ ಗುರಿ ನೋಡಿ. ಅಲಗಿನ ರೆಕ್ಕೆಗೆ ಗಾಳಿ ತಾಗುವುದರಿಂದ ಬಾಣ ಬೇರೆ ಜಾಗಕ್ಕೆ ಹೋಗಬಹುದು. ಆ ಅಲಗಿನಿಂದ ಐದರಲ್ಲಿ ಐದು ಬಾಣಗಳೂ ಅಂಗೈಯಗಲದ ವೃತ್ತದೊಳಗೆ ಯಾವ ದೂರದವರೆಗೆ ಬೀಳುತ್ತವೆಯೋ ಅದೇ ನಿಮ್ಮ ಗಡಿ. ಮೊದಲ ವರ್ಷ ಅದು 20 ಗಜವೇ ಆಗಿದ್ದರೆ, ಜಿಂಕೆ ಪಕ್ಕ ತಿರುಗಿ ನಿಂತು ಮುಂಗಾಲಿನ ಹಿಂದಿನ ಶ್ವಾಸಕೋಶದ ಜಾಗ ತೋರಿಸುವವರೆಗೆ ಕಾಯಿರಿ, ಅದರಾಚೆಗಿನ ಜಿಂಕೆಯನ್ನು ಹೆದೆ ಮುಟ್ಟದೆ ನೋಡುತ್ತ ಕುಳಿತಿರಿ.