ಹೊಳೆಯ ದರೆ ಕಡಿದು ಮೆಟ್ಟಿಲು ಕಟ್ಟುವುದು ಹೇಗೆ?

ಮನೆ ಹಿಂದೆಯೇ ಹೊಳೆ. ಆದರೆ ದೋಣಿ ಹತ್ತಬೇಕಾದರೆ ಮೊಣಕಾಲುದ್ದ ಕೆಸರು. ಉಡುಪಿ, ಕುಂದಾಪುರ ಕಡೆ ಇಂಥ ಮನೆಗಳು ಜಾಸ್ತಿ. ಜೆಸಿಬಿ ತರಿಸಿ ಒಂದೇ ಬೆಳಿಗ್ಗೆ ದರೆ, ಅಂದರೆ ದಡದ ಏರು, ಕಡಿಸಿದವರನ್ನೂ, ಮೊದಲ ಮಳೆಗಾಲಕ್ಕೇ ಮೆಟ್ಟಿಲು ಕಳೆದುಕೊಂಡವರನ್ನೂ ನೋಡಿದ್ದೇನೆ. ಅವರಿಬ್ಬರೂ ಒಬ್ಬರೇ.

ಮೊದಲು ಅನುಮತಿ. ಉಪ್ಪುನೀರು ಏರುವ ಹೊಳೆಯಾದರೆ 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಅನ್ವಯಿಸುತ್ತದೆ. ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರ ಅದರ ವ್ಯಾಪ್ತಿ. ಬಾಯಿಮಾತು ನಂಬಬೇಡಿ, ಕಾಗದ ಪಡೆಯಿರಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇರುವ ಜಾಗ ಬಿಟ್ಟೇಬಿಡಿ.

ಹೊಳೆ ನೇರವಾಗಿ ಹರಿಯುವ ಕಡೆ ಜಾಗ ಆರಿಸಿ. ತಿರುವಿನ ಹೊರಬದಿಯನ್ನು ನೀರು ಕೊರೆಯುತ್ತದೆ, ಒಳಬದಿಯಲ್ಲಿ ಹೂಳು ತುಂಬುತ್ತದೆ.

ಹದಿನೈದು ದಿನ ಮೊದಲೇ ಬಿದಿರಿನ ಗೂಟ ನೆಟ್ಟು ನೀರಿನ ಏರಿಳಿತ ಗುರುತು ಮಾಡಿ. ಕೆಲಸ ಬೇಸಿಗೆಯಲ್ಲೇ ಆಗಲಿ.

ದರೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯಿರಿ. ಒಂದಡಿ ಎತ್ತರಕ್ಕೆ ಎರಡಡಿ ಇಳಿಜಾರು. ಗೋಡೆಯಂತೆ ನೆಟ್ಟಗೆ ಕಡಿದರೆ, ಅದರಲ್ಲೂ ಕೆಂಪುಕಲ್ಲಿನ ಕೆಳಗೆ ಶೇಡಿಮಣ್ಣು (ಮೆತ್ತನೆಯ ಬಿಳಿ ಜೇಡಿಮಣ್ಣು) ಸಿಕ್ಕರೆ, ನೆನೆದ ದಿನವೇ ಜಾರುತ್ತದೆ. ಮಣ್ಣನ್ನು ಹೊಳೆಗೆ ತಳ್ಳಬೇಡಿ. ನಾಳೆ ದೋಣಿ ತಾಗುವುದು ಅದಕ್ಕೇ.

ಈಗ ಬುಡ. ಎಲ್ಲರೂ ಎಡವುವುದು ಇಲ್ಲೇ. ಮೆಟ್ಟಿಲು ಮೇಲಿಂದ ಬೀಳುವುದಿಲ್ಲ, ಕೆಳಗಿನ ಮಣ್ಣು ತೊಳೆದುಹೋಗಿ ಕೂರುತ್ತದೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು ನೀರು ತೀರಾ ಇಳಿಯುತ್ತದೆ. ಆಗ ಸಿಗುವುದು ಎರಡು ಮೂರು ಗಂಟೆ ಅಷ್ಟೇ. ಮರುದಿನ ಇಳಿತ ಸುಮಾರು 50 ನಿಮಿಷ ತಡ, ಕೆಲಸದವರಿಗೆ ಮೊದಲೇ ಹೇಳಿಡಿ. ಇಳಿತದ ಗುರುತಿಗಿಂತಲೂ ಕೆಳಗೆ, ಕೆಸರು ಮುಗಿದು ಗಟ್ಟಿ ನೆಲ ಸಿಗುವ ತನಕ ಅಗೆಯಿರಿ. ಹಾರೆ ಹೊಡೆದಾಗ 'ಠಣ್' ಎನ್ನಬೇಕು. ಅಲ್ಲಿ ಇಬ್ಬರು ಹೊರುವಷ್ಟು ದೊಡ್ಡ ಕರಿಕಲ್ಲು ಜೋಡಿಸಿ, ಸಂದಿಗೆ ಸಣ್ಣ ಕಲ್ಲು ಬಡಿಯಿರಿ. ಬುಡಕ್ಕೆ ಕೆಂಪುಕಲ್ಲು ಬೇಡ, ಮೇಲಿನ ಮೆಟ್ಟಿಲಿಗೆ ಸಾಕು. ಕಲ್ಲಿನ ಹಿಂದೆ ಜಲ್ಲಿ ತುಂಬಿ. ಬದಿಗೆ ಕಾಂಕ್ರೀಟ್ ಗೋಡೆ ಕಟ್ಟುವವರು ನೀರು ಸೋರಲು ತೂತು ಬಿಡಲೇಬೇಕು. ಇಲ್ಲದಿದ್ದರೆ ಹೊಳೆ ಇಳಿದಾಗ ಒಳಗೆ ನಿಂತ ನೀರು ಗೋಡೆಯನ್ನು ಹೊರಕ್ಕೆ ದೂಡುತ್ತದೆ.

ಗೊಬ್ಬರದ ಚೀಲಕ್ಕೆ ಮರಳು ತುಂಬಿ ಒಟ್ಟುವ ಉಪಾಯ ಸುಮ್ನೆ ದಂಡ. ಬಿಸಿಲಿಗೆ ಚೀಲ ಪುಡಿಯಾಗಿ ಪ್ಲಾಸ್ಟಿಕ್ ಹೊಳೆ ಸೇರುತ್ತದೆ. ಇಳಿಜಾರಿಗೆ ತೆಂಗಿನ ನಾರಿನ ಬಲೆ ಹಾಸಿ ಲಾವಂಚ ನೆಡಿ.

ಮೇಲಿನ ಮೆಟ್ಟಿಲು ಯಾವ ಮೇಸ್ತ್ರಿಯೂ ಕಟ್ಟುತ್ತಾರೆ. ಟೈಲ್ಸ್ ಮಾತ್ರ ಬೇಡವೇ ಬೇಡ, ಪಾಚಿ ಹಿಡಿದರೆ ಸೊಂಟ ಹೋದಂತೆಯೇ. ದೋಣಿಯ ಹಗ್ಗವನ್ನು ಮೇಲಿನ ತೆಂಗಿನ ಮರಕ್ಕೆ ಕಟ್ಟಿ. ಉಬ್ಬರಕ್ಕೆ ದೋಣಿ ಏರುತ್ತೆ ಅಲ್ವಾ, ಹಗ್ಗ ಸ್ವಲ್ಪ ಸಡಿಲ ಇರಲಿ.