ಮೊದಲ ಹಳೇ ವಾಚು: ಫಳಫಳ ಹೊಳೆಯುವ ಡಯಲ್ ಕಂಡರೆ ಹುಷಾರು

ಗೆಳೆಯನೊಬ್ಬ ಮೊದಲ ಸಲ ಹಳೇ ವಾಚು ಕೊಂಡು ಖುಷಿಯಿಂದ ತಂದು ತೋರಿಸಿದ. 1960ರ ದಶಕದ್ದು ಅಂತ ಮಾರಿದವರು ಹೇಳಿದ್ದರಂತೆ. ಕಡುನೀಲಿ ಡಯಲ್, ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಲೆನ್ಸ್ ಹಿಡಿದು ನೋಡಿದೆ. ಕಂಪನಿ ಹೆಸರಿನ ಅಕ್ಷರಗಳು ಒದ್ದೆ ಕಾಗದದ ಮೇಲೆ ಬರೆದ ಹಾಗೆ ಅಂಚಿನಲ್ಲಿ ಹರಡಿದ್ದವು. ನಿಮಿಷದ ಗೆರೆ ಗಂಟೆಯ ಗುರುತಿಗಿಂತ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಯಾರೋ ಡಯಲ್‌ಗೆ ಹೊಸ ಬಣ್ಣ ಬಳಿದಿದ್ದರು. ಅವನ ದುಡ್ಡು ಹೋಗಿದ್ದು ಆ ಬಣ್ಣಕ್ಕೆ. ಇಂಥದ್ದನ್ನು ಒಂದಲ್ಲ, ನಾಲ್ಕೈದು ಸಲ ನೋಡಿಬಿಟ್ಟಿದ್ದೇನೆ. ಅದಕ್ಕೇ ಈ ಬರಹ.

1. ದುಡ್ಡನ್ನು ಮೊದಲೇ ಎರಡು ಪಾಲು ಮಾಡಿ

ಕೈಯಲ್ಲಿರುವ ಹಣದಲ್ಲಿ ಮೂರನೇ ಒಂದು ಪಾಲನ್ನು ಸರ್ವಿಸ್‌ಗೆ ಅಂತ ಎತ್ತಿಡಿ. ವಾಚಿನೊಳಗಿನ ಎಣ್ಣೆ ವರ್ಷ ಕಳೆದಂತೆ ಒಣಗುತ್ತದೆ. ಒಣಗಿದ ಮೇಲೂ ವಾಚು ಓಡುತ್ತಿರುತ್ತದೆ, ಆದರೆ ಒಳಗೆ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯುತ್ತಿರುತ್ತವೆ. "ಓಡ್ತಾ ಇದೆ" ಅನ್ನುವುದೂ "ಸರ್ವಿಸ್ ಆಗಿದೆ" ಅನ್ನುವುದೂ ಒಂದೇ ಅಲ್ಲ. ಮಾರುವವರು ಸರ್ವಿಸ್ ಆಗಿದೆ ಅಂದರೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಆಗಿಲ್ಲ ಅಂತಲೇ ಲೆಕ್ಕ.

2. ಎಂಥ ವಾಚು?

ಸಾದಾ ಮೂರು ಮುಳ್ಳಿನದು, ಕೀ ಕೊಡುವುದು, ಸ್ಟೀಲ್ ಕೇಸಿನದು (ಕೇಸು ಅಂದರೆ ವಾಚಿನ ಹೊರಕವಚ). ಮೊದಲ ವಾಚಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ಆದರೂ ನಡೆಯುತ್ತದೆ. ಸ್ಟಾಪ್‌ವಾಚ್ ಇರುವ ಕ್ರೋನೊಗ್ರಾಫ್ ಬೇಡ. ಅದರ ಒಂದು ರಿಪೇರಿ ಖರ್ಚಿನಲ್ಲಿ ಇನ್ನೊಂದು ಸಾದಾ ವಾಚೇ ಬಂದೀತು.

1969ರ ಡಿಸೆಂಬರ್‌ನಲ್ಲಿ ಸೀಕೊ ಕಂಪನಿ ಬ್ಯಾಟರಿಯಲ್ಲಿ ಓಡುವ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಬಿಟ್ಟಿತು. ಅದಕ್ಕೂ ಮುಂಚೆ ಸ್ಪ್ರಿಂಗ್ ವಾಚು ಎಲ್ಲರ ದಿನಬಳಕೆಯ ವಸ್ತು, ಲಕ್ಷಗಟ್ಟಲೆ ತಯಾರಾದವು. ಆ ಕಾಲದ ಸೀಕೊ, ಸಿಟಿಜನ್, ಟಿಸ್ಸೊ ಮತ್ತು ಹೆಸರು ಮರೆತುಹೋದ ಎಷ್ಟೋ ಸ್ವಿಸ್ ಕಂಪನಿಗಳ ಒಳ್ಳೆಯ ವಾಚುಗಳು ಇವತ್ತಿಗೂ ಕೈಗೆಟಕುವ ಬೆಲೆಗೆ ಸಿಗುತ್ತವೆ. ಕಡಿಮೆ ದುಡ್ಡಿಗೆ ಒಮೆಗಾ ಹುಡುಕಲು ಹೋಗಬೇಡಿ. ಅಗ್ಗಕ್ಕೆ ಸಿಕ್ಕ ದೊಡ್ಡ ಹೆಸರಿನ ವಾಚು ಮೂರ್ನಾಲ್ಕು ವಾಚುಗಳ ತುಂಡು ಸೇರಿಸಿ ಜೋಡಿಸಿದ್ದಾಗಿರುವ ಸಂಭವವೇ ಜಾಸ್ತಿ.

ಕೇಸಿನ ವಿಷಯದಲ್ಲಿ ಒಂದು ಮಾತು. ಹಿಂದಿನ ಮುಚ್ಚಳದ ಮೇಲೆ "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಅಂತ ಕೆತ್ತಿದ್ದರೆ ಮುಚ್ಚಳ ಮಾತ್ರ ಸ್ಟೀಲು, ಉಳಿದದ್ದು ಬೇರೆ ಲೋಹದ ಮೇಲಿನ ಲೇಪ. ಬೆಲ್ಟು ಸಿಕ್ಕಿಸುವ ಮೂಲೆಗಳಲ್ಲಿ ಲೇಪ ಸವೆದು ಹಿತ್ತಾಳೆ ಕಾಣುತ್ತಿದ್ದರೆ ಬಿಟ್ಟುಬಿಡಿ.

3. ಡಯಲ್ ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಗಾಜು ಬದಲಿಸಬಹುದು. ಬೆಲ್ಟು, ಸ್ಪ್ರಿಂಗ್, ಕೀ ಎಲ್ಲ ಬದಲಿಸಬಹುದು. ಹಾಳಾದ ಡಯಲ್ ಮಾತ್ರ ಹಿಂದಿನಂತೆ ಆಗುವುದಿಲ್ಲ. ಹಾಗಾಗಿ ನಿಮ್ಮ ಸಮಯದ ಮುಕ್ಕಾಲು ಪಾಲನ್ನು ಡಯಲ್‌ಗೆ ಕೊಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸು ಇರಲಿ. ಫೋಟೊ ನೋಡಿ ಕೊಳ್ಳುವುದಾದರೆ ಹಗಲು ಬೆಳಕಿನಲ್ಲಿ, ಹತ್ತಿರದಿಂದ, ನೇರವಾಗಿ ತೆಗೆದ ಫೋಟೊ ಕೇಳಿ. ಕೊಡುವುದಿಲ್ಲ ಅಂದರೆ ಮಾತುಕತೆ ಅಲ್ಲಿಗೇ ಮುಗಿಸಿ.

ಮೊದಲು ಅಕ್ಷರ. ಕಾರ್ಖಾನೆಯಲ್ಲಿ ಅಚ್ಚಾದ ಅಕ್ಷರದ ಅಂಚು ಬ್ಲೇಡಿನಲ್ಲಿ ಕೊಯ್ದಷ್ಟು ಚೂಪಾಗಿರುತ್ತದೆ. ಮತ್ತೆ ಬಳಿದ ಡಯಲ್‌ನಲ್ಲಿ ಅಕ್ಷರ ದಪ್ಪ, ಮೂಲೆಗಳು ಗುಂಡಗೆ, ಒಂದಕ್ಕೊಂದರ ನಡುವಿನ ಜಾಗ ಏರುಪೇರು. ಅದೇ ಮಾದರಿಯ ಇನ್ನೈದಾರು ವಾಚುಗಳ ಫೋಟೊ ಪಕ್ಕದಲ್ಲಿಟ್ಟು ಹೋಲಿಸಿ. ಅಷ್ಟರಲ್ಲೂ ಎಲ್ಲೂ ಕಾಣದ ಬಣ್ಣ ನಿಮ್ಮದರಲ್ಲಿದ್ದರೆ ಅನುಮಾನ ಪಡಿ.

ಆಮೇಲೆ ಡಯಲ್‌ನ ಕೆಳತುದಿ, 6ರ ಕೆಳಗೆ. ಸ್ವಿಸ್ ವಾಚಾದರೆ ಅಲ್ಲಿ ಸಾಮಾನ್ಯವಾಗಿ "ಸ್ವಿಸ್" ಅಥವಾ "ಸ್ವಿಸ್ ಮೇಡ್" ಅಂತ ಪುಟ್ಟ ಅಕ್ಷರ ಇರುತ್ತದೆ. ಮತ್ತೆ ಬಳಿದವರು ಇದನ್ನು ಮರೆತೇಬಿಡುವುದುಂಟು, ಇಲ್ಲವೇ ಸೊಟ್ಟಗೆ ಹಾಕಿರುತ್ತಾರೆ. ನಿಮಿಷದ ಗೆರೆಗಳ ಮೇಲೆ ಒಂದು ಸುತ್ತು ಕಣ್ಣಾಡಿಸಿ. ಪ್ರತಿ ಐದನೇ ಗೆರೆಯೂ ಗಂಟೆಯ ಗುರುತಿನ ನಟ್ಟನಡುವೆ ಬರಬೇಕು. ತಾರೀಖಿನ ಕಿಂಡಿಯ ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ಕೂತಿದೆಯಾ ನೋಡಿ. ವಾಚು ಬಿಚ್ಚಿದ್ದರೆ ಡಯಲ್‌ನ ಹೊರ ಅಂಚು ನೋಡಿ. ಅಲ್ಲಿ ಚಿಕ್ಕದೊಂದು ಕಚ್ಚು ಇದ್ದರೆ ಬಣ್ಣ ಬಳಿಯುವಾಗ ಗುರುತಿಗೆ ಹಾಕಿದ್ದಿರಬಹುದು.

ಕತ್ತಲಲ್ಲಿ ಹೊಳೆಯುವ ಬಣ್ಣವೂ ಸುಳಿವು ಕೊಡುತ್ತದೆ. ಹಳೇ ಕಾಲದಲ್ಲಿ ಬಳಸುತ್ತಿದ್ದುದು ನಿಜವಾದ ರೇಡಿಯಂ, ಅಂದರೆ ವಿಕಿರಣ ಸೂಸುವ ಲೋಹ. 1960ರ ದಶಕದಲ್ಲಿ ಅದಕ್ಕಿಂತ ಸೌಮ್ಯ ವಿಕಿರಣದ ಟ್ರಿಟಿಯಂ ಅದರ ಜಾಗಕ್ಕೆ ಬಂತು. ಡಯಲ್‌ನ ಕೆಳಗೆ "ಸ್ವಿಸ್" ಪದದ ಎರಡೂ ಬದಿ "ಟಿ" ಅಕ್ಷರ ಇದ್ದರೆ ಅದು ಟ್ರಿಟಿಯಂ. ಸುಮಾರು 12 ವರ್ಷಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕರ್ಧ ಇಳಿಯುತ್ತದೆ. ಅಂದರೆ ಐವತ್ತು ವರ್ಷ ಹಳೆಯ ಟ್ರಿಟಿಯಂ ಇವತ್ತು ಹೆಚ್ಚುಕಡಿಮೆ ಕತ್ತಲೆಯೇ. ಅಂಥ ವಾಚಿನ ಮುಳ್ಳು ರಾತ್ರಿ ಹಸಿರಾಗಿ ಉರಿಯುತ್ತಿದ್ದರೆ ಹೊಸ ಬಣ್ಣ ಹಚ್ಚಿದ್ದಾರೆ ಅಂತ ಅರ್ಥ. ಡಯಲ್ ಮೇಲಿನ ಚುಕ್ಕೆ ಕಂದು, ಮುಳ್ಳಿನದು ಮಾತ್ರ ಬೆಳ್ಳಗೆ ಇದ್ದರೆ ಮುಳ್ಳು ಬೇರೆ ಕಡೆಯಿಂದ ಬಂದಿರಬಹುದು. ರೇಡಿಯಂ ಇರುವ ವಾಚನ್ನು ಮಾತ್ರ ಮನೆಯಲ್ಲಿ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರ ಪುಡಿ ಮೂಗಿನೊಳಗೆ ಹೋಗಬಾರದು.

ಸೀಕೊ ವಾಚಿನಲ್ಲಿ ಪರೀಕ್ಷೆ ಸುಲಭ. ಹಿಂದಿನ ಮುಚ್ಚಳದಲ್ಲಿ 6119-8083 ತರಹದ ಸಂಖ್ಯೆ ಇರುತ್ತದೆ. ಮೊದಲ ನಾಲ್ಕು ಅಂಕಿ ಒಳಗಿನ ಮಿಷಿನ್ನಿನದು. ಡಯಲ್‌ನ ಕೆಳತುದಿಯಲ್ಲೂ ಅತಿ ಸಣ್ಣಗೆ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ನಾಲ್ಕು ಅಂಕಿಯೂ ಸಾಮಾನ್ಯವಾಗಿ ಇದಕ್ಕೆ ಹೊಂದಬೇಕು. ಆರಂಕಿಯ ಸೀರಿಯಲ್ ನಂಬರಿನಲ್ಲಿ ಮೊದಲನೆಯದು ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್‌ಗೆ "ಒ", ನವೆಂಬರ್‌ಗೆ "ಎನ್", ಡಿಸೆಂಬರ್‌ಗೆ "ಡಿ" ಅಕ್ಷರ. 6119 ಮಿಷಿನ್ನಿನ ವಾಚಿನ ಸೀರಿಯಲ್ ಸೊನ್ನೆ, ಡಿ ಅಂತ ಶುರುವಾದರೆ ಅದು 1970ರ ಡಿಸೆಂಬರ್‌ನದು. 1960ರಲ್ಲಿ ಆ ಮಿಷಿನ್ ಇನ್ನೂ ಬಂದಿರಲಿಲ್ಲ, ಹಾಗಾಗಿ ಮಾರುವವರು 1960ರ ದಶಕದ್ದು ಅಂದರೆ ಅದು ಸುಳ್ಳು ಅಂತ ಹೇಳಲು ಇಷ್ಟು ಸಾಕು.

ಕೊನೆಗೆ ಕೇಸನ್ನೂ ಡಯಲನ್ನೂ ಒಟ್ಟಿಗೆ ನೋಡಿ. ಕೇಸಿಗೆ ಐವತ್ತು ವರ್ಷದ ಗೀರು, ಡಯಲ್ ಮಾತ್ರ ನಿನ್ನೆ ಬಂದ ಹಾಗೆ. ಇದು ಹೇಗೆ ಸಾಧ್ಯ ಅಲ್ವಾ? ನಾನಂತೂ ಸಮನಾಗಿ ಹಳದಿ ತಿರುಗಿದ, ಒಂದೆರಡು ಚುಕ್ಕೆ ಬಿದ್ದ ಮೂಲ ಡಯಲನ್ನೇ ಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

4. ಮಿಷಿನ್ ಪರೀಕ್ಷೆ

ಮುಚ್ಚಳ ತೆಗೆಸಿ ತುಕ್ಕು ಇದೆಯಾ ನೋಡಿ. ತುಕ್ಕಿದ್ದರೆ ಬೇಡ. ಕೀ ಕೊಡುವ ವಾಚಾದರೆ ಕೀ ಕೊಡಿ: ನುಣ್ಣಗೆ ತಿರುಗಿ ಕೊನೆಗೆ ಗಟ್ಟಿಯಾಗಿ ನಿಲ್ಲಬೇಕು. "ಕೀ ಜಾಸ್ತಿ ಕೊಟ್ಟು ನಿಂತುಹೋಗಿದೆ, ಅಷ್ಟೇ" ಅನ್ನುವ ಮಾತನ್ನು ನಂಬಬೇಡಿ. ಕೀ ತುಂಬಿಯೂ ಓಡದ ವಾಚಿಗೆ ಬೇರೆ ಕಾಯಿಲೆ ಇದೆ. ಡಯಲ್ ಮೇಲೆ ಮಾಡಿ, ಕೆಳಗೆ ಮಾಡಿ, ವಾಚನ್ನು ನೆಟ್ಟಗೆ ನಿಲ್ಲಿಸಿ, ಮೂರೂ ಭಂಗಿಯಲ್ಲಿ ಓಡಬೇಕು. ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ಪರವಾಗಿಲ್ಲ. ಇದ್ದಕ್ಕಿದ್ದಂತೆ ಹಲವು ನಿಮಿಷ ಮುಂದೆ ಓಡುತ್ತಿದ್ದರೆ ಅಯಸ್ಕಾಂತದ ಸೋಂಕಿರಬಹುದು. ಸಲಕರಣೆ ಇರುವ ರಿಪೇರಿಯವರು ಕ್ಷಣದಲ್ಲಿ ತೆಗೆಯುತ್ತಾರೆ.

ಮುಚ್ಚಳ ತೆಗೆಯಲು ಅಗ್ಗದ ಚಾಕು ತರಹದ ಸಾಮಾನು ಮಾರುತ್ತಾರೆ. ಅದು ಜಾರಿದರೆ ಕೇಸಿನ ಮೇಲೆ ಉದ್ದಕ್ಕೆ ಗೀರು, ಬೆರಳಿಗೂ ಪೆಟ್ಟು. ಸುಮ್ನೆ ರಿಪೇರಿಯವರ ಹತ್ತಿರ ಹೋಗಿ.

5. ತಂದ ಮೇಲೆ

ಮೊದಲು ಸರ್ವಿಸ್. ಕೇಸಿಗೆ ಪಾಲಿಶ್ ಬೇಡ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಚೂಪು ಅಂಚುಗಳನ್ನೆಲ್ಲ ಉಜ್ಜಿ ಸೋಪಿನ ಹಾಗೆ ಮಾಡಿ ಕೊಡುತ್ತಾರೆ. ಗಾಜು ಪ್ಲಾಸ್ಟಿಕ್‌ನದಾದರೆ ಸಣ್ಣ ಗೀರುಗಳಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಹತ್ತು ನಿಮಿಷ ಉಜ್ಜಿ, ಹೋಗುತ್ತದೆ. ಈ ಒಂದು ಅಡ್ಡದಾರಿ ಮಾತ್ರ ನಾನು ಒಪ್ಪುತ್ತೇನೆ.

ಮುಚ್ಚಳದ ಮೇಲೆ ಏನೇ ಬರೆದಿರಲಿ, ನೀರಿಗೆ ಇಳಿಸಬೇಡಿ. ಒಳಗಿನ ರಬ್ಬರ್ ಒಣಗಿ ವರ್ಷಗಳಾಗಿರುತ್ತವೆ. ಕೈ ತೊಳೆಯುವಾಗಲೂ ಬಿಚ್ಚಿಡಿ. ತಾರೀಖಿರುವ ವಾಚಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಖು ಬದಲಿಸಲು ಹೋಗಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯುತ್ತವೆ. ಕೀ ಕೊಡುವ ವಾಚಾದರೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿ ಹಿಡಿದು, ಬಿಗಿ ಸಿಗುವವರೆಗೆ ಕೀ ಕೊಡಿ.